ಮನೆಯಂಗಳದಲ್ಲಿ ವ್ಯಾನ್, ಗೇಟಿನ ಹೊರಗೆ ಅಜ್ಜಿ

ಪ್ರಶ್ನೆ: ಮಗಳು ಹೇಳಿದಳೆಂದು ‘ದಿ ಲೇಡಿ ಇನ್ ದಿ ವ್ಯಾನ್’ ನೋಡಿದೆ ಸರ್. ನಗೆ ಚಿತ್ರ ಅಂದಿದ್ದಳು, ನನಗೆ ಸಂಕಟವೇ ಜಾಸ್ತಿ ಆಯಿತು. ಇದು ನಿಜವಾಗಿ ನಡೆದದ್ದೇ? ಆ ಲೇಖಕರು ಅಷ್ಟು ದೊಡ್ಡ ಮನಸ್ಸಿನವರೇ?
– ಓದುಗರು, ಡೊಂಬಿವಲಿ

ಉತ್ತರ: ಬಹುಪಾಲು ನಿಜ. ಲಂಡನ್ನಿನ ಕ್ಯಾಮ್ಡನ್ ಟೌನ್‌ನಲ್ಲಿ ವ್ಯಾನಿನೊಳಗೇ ಬದುಕುತ್ತಿದ್ದ ಮಿಸ್ ಶೆಫರ್ಡ್ ಅವರಿಗೆ ನಾಟಕಕಾರ ಅಲನ್ ಬೆನೆಟ್ 1974ರಲ್ಲಿ ತಮ್ಮ ಅಂಗಳದಲ್ಲಿ ಜಾಗ ಕೊಟ್ಟರು. ಮಿಸ್ ಶೆಫರ್ಡ್ 1989ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದರು. 1999ರಲ್ಲಿ ಅದು ನಾಟಕವಾಯಿತು, 2015ರಲ್ಲಿ ನಿಕೊಲಸ್ ಹೈಟ್ನರ್ ಸಿನಿಮಾ ಮಾಡಿದರು. ಎರಡರಲ್ಲೂ ಮಿಸ್ ಶೆಫರ್ಡ್ ಆಗಿ ನಟಿಸಿದವರು ಮ್ಯಾಗಿ ಸ್ಮಿತ್. ಶೂಟಿಂಗ್ ನಡೆದದ್ದೂ ಅದೇ ಮನೆಯಲ್ಲಿ.

ದೊಡ್ಡ ಮನಸ್ಸು ಅಂತೀರಿ. ಬೆನೆಟ್ ಮಾತ್ರ ಹಾಗೆ ಹೇಳಿಕೊಳ್ಳುವುದಿಲ್ಲ. ಬೀದಿಯಲ್ಲಿ ಜನ ಆಕೆಗೆ ಕಾಟ ಕೊಡುವುದನ್ನು ಕಿಟಕಿಯಿಂದ ನೋಡುತ್ತ ಕೂತರೆ ಬರೆಯುವ ಕೆಲಸ ಸಾಗುತ್ತಿರಲಿಲ್ಲ, ಒಳಗೆ ಕರೆದರೆ ತಮಗೂ ನೆಮ್ಮದಿ ಅಂದುಕೊಂಡರು, ಅಷ್ಟೇ. ಅದಕ್ಕೇ ಚಿತ್ರದಲ್ಲಿ ಇಬ್ಬರು ಬೆನೆಟ್ ಇದ್ದಾರೆ. ಒಬ್ಬ ಬದುಕುವವನು, ಇನ್ನೊಬ್ಬ ಬರೆಯುವವನು, ಇಬ್ಬರಿಗೂ ಜಗಳ. ನನಗಂತೂ ನಗು ಬಂದದ್ದೇ ಅಲ್ಲಿ. ಅತ್ತ ಸ್ವಂತ ತಾಯಿ ಮರೆವಿನ ಕಾಯಿಲೆಯಿಂದ ವೃದ್ಧಾಶ್ರಮದಲ್ಲಿ, ಇತ್ತ ಮಗ ಯಾರದೋ ಹೊಲಸು ಬಳಿಯುತ್ತಿದ್ದಾನೆ! ಮಿಸ್ ಶೆಫರ್ಡ್ ಕೂಡ ಪಾಪದ ಮುದುಕಿಯೇನಲ್ಲ. ಥ್ಯಾಂಕ್ಸ್ ಅನ್ನುವುದಿಲ್ಲ, ಮೈ ನಾರುತ್ತದೆ, ಮಾತು ಕೇಳಿದರೆ ಈ ಜಾಗದ ಮಾಲೀಕರು ಅವರೇ ಅನ್ನಿಸಬೇಕು. ಒಂದು ಕಾಲಕ್ಕೆ ಚೆನ್ನಾಗಿ ಪಿಯಾನೋ ನುಡಿಸುತ್ತಿದ್ದವರು, ಸನ್ಯಾಸಿನಿಯಾಗಲು ಹೋದರೆ ಅಲ್ಲಿ ಅದನ್ನು ಮುಟ್ಟಬೇಡ ಅಂದರು, ಆಮೇಲೆ ಒಡಹುಟ್ಟಿದವನೇ ಹುಚ್ಚಾಸ್ಪತ್ರೆಗೆ ಸೇರಿಸಿದ. ಇಷ್ಟೆಲ್ಲ ಗೊತ್ತಾದ ಮೇಲೂ ಸಿನಿಮಾ ಅವರನ್ನು ಸಾಧ್ವಿ ಮಾಡುವುದಿಲ್ಲ, ಸದ್ಯ.

ಪ್ರಶ್ನೆ: ನಮ್ಮ ಸೊಸೈಟಿ ಗೇಟಿನ ಪಕ್ಕ ಫುಟ್‌ಪಾತಿನಲ್ಲಿ ಒಬ್ಬ ಅಜ್ಜಿ ಇದ್ದಾರೆ. ಕಮಿಟಿಯವರು ಓಡಿಸಿ ಅಂತಾರೆ, ನಾನು ಬೇಡ ಅಂತೀನಿ. ಏನು ಮಾಡಲಿ?
– ಓದುಗರು, ಮಾಟುಂಗಾ

ಉತ್ತರ: ಪಾರ್ಕಿಂಗ್ ಜಾಗಕ್ಕೆ ಅಣ್ಣತಮ್ಮಂದಿರೇ ಮಾತು ಬಿಡುವ ಮುಂಬಯಿಯಲ್ಲಿ ಬೆನೆಟ್ ಆಗಿ ಅಂತ ನಾನು ಹೇಳಲಾರೆ. ವಾಚ್‌ಮನ್ ಕೈಯಲ್ಲಿ ಅವರ ಗಂಟು ಎಸೆಸಬೇಡಿ ಅಂತ ಕಮಿಟಿಗೆ ಮೊದಲು ಹೇಳಿ. ಆಮೇಲೆ ಅಜ್ಜಿಯನ್ನೇ ಕೇಳಿ, ಊಟ ಬೇಕಾ, ಔಷಧಿ ಬೇಕಾ, ಮನೆಯವರು ಇದ್ದಾರಾ ಅಂತ. ಹಿರಿಯರಿಗಾಗಿ 14567 ಎಂಬ ಸಹಾಯವಾಣಿ ಇದೆ, ದುಡ್ಡು ಬೀಳುವುದಿಲ್ಲ, ದಿಕ್ಕಿಲ್ಲದ ವೃದ್ಧರ ವಿಷಯವನ್ನೂ ಅಲ್ಲಿ ತಿಳಿಸಬಹುದು. ಮಕ್ಕಳಿದ್ದೂ ಬಿಟ್ಟಿದ್ದರೆ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ ಪ್ರಕಾರ ಜೀವನಾಂಶ ಕೇಳಬಹುದು. ಎಲ್ಲಿಗೂ ಬರಲ್ಲ ಅಂತ ಅಜ್ಜಿ ಬೈದರೆ ಬೈಸಿಕೊಳ್ಳಿ, ನಾಳೆ ಮತ್ತೆ ಕೇಳಿ.