ಮೋನೆಯ ನೈದಿಲೆ ಕೊಳ ನಕಲು ಮಾಡಿದರೆ ನೀರು ಹಸಿರು ಗೋಡೆಯಂತೆ ಕಾಣುತ್ತಿದೆ, ತಪ್ಪೆಲ್ಲಿ?

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಫ್ರೆಂಚ್ ಚಿತ್ರಕಾರ ಕ್ಲೋಡ್ ಮೋನೆಯ 1899ರ ಚಿತ್ರವನ್ನು ತೈಲವರ್ಣದಲ್ಲಿ ನಕಲು ಮಾಡುತ್ತಿದ್ದೀರಿ, ಹಸಿರು ಬಳಿದು ಅದರ ಮೇಲೆ ದುಂಡಗೆ ಎಲೆ ಬರೆದಿದ್ದೀರಿ. ಎಡವಿದ್ದು ಅಲ್ಲೇ. ಚಿತ್ರದ ಕೆಳಭಾಗವನ್ನು ದೊಡ್ಡದು ಮಾಡಿ ನೋಡಿ: ಮರಗಳ ಪ್ರತಿಬಿಂಬಕ್ಕೆ ಮೋನೆ ಕುಂಚವನ್ನು ಮೇಲಿಂದ ಕೆಳಗೆ ಎಳೆದಿದ್ದಾನೆ, ಎಲೆಗಳಿಗೆ ಅಡ್ಡಡ್ಡ. ನೀರು ಸಮತಟ್ಟಾಗಿ ಕಣ್ಣಿಗೆ ಕಾಣುವುದು ಈ ಎರಡು ದಿಕ್ಕುಗಳ ಎಳೆದಾಟದಿಂದಲೇ. ಅಂಚಿನಿಂದ ಅಂಚಿಗೆ ಸೇತುವೆ, ಆಕಾಶವೇ ಇಲ್ಲ. ನೀರು ಮಲಗಿದೆ ಎಂದು ತೋರಿಸಲು ಬೇರೆ ಆಧಾರವೂ ಅಲ್ಲಿಲ್ಲ.

ಮೂಲದ ಅಳತೆ 88.3×93.1 ಸೆಂ.ಮೀ., ಹೆಚ್ಚುಕಡಿಮೆ ಚೌಕ. ಅರ್ಧ ಅಳತೆಗೆ 44×46.5 ತೆಗೆದುಕೊಳ್ಳಿ. ಅಡ್ಡಕ್ಕೆ ಉದ್ದನೆಯ ರೆಡಿಮೇಡ್ ಕ್ಯಾನ್ವಾಸಿಗೆ ಹಿಗ್ಗಿಸಿದರೆ ಸೇತುವೆಯ ಕಮಾನು ಚಪ್ಪಟೆಯಾಗಿಬಿಡುತ್ತದೆ.

ಬಣ್ಣ: 1905ರಲ್ಲಿ ಮೋನೆ ತಾನು ಬಳಸುವುದಾಗಿ ಹೇಳಿಕೊಂಡದ್ದು ಸೀಸದ ಬಿಳಿ, ಕ್ಯಾಡ್ಮಿಯಂ ಹಳದಿ, ವರ್ಮಿಲಿಯನ್ (ಪಾದರಸದಿಂದಾದ ಕೆಂಪು), ಗಾಢ ಮ್ಯಾಡರ್ (ಕಡುಗೆಂಪು), ಕೋಬಾಲ್ಟ್ ನೀಲಿ, ವಿರಿಡಿಯನ್ ಹಸಿರು. ಕಪ್ಪು ಇಲ್ಲ. ಸೀಸ, ಪಾದರಸದ ಸಹವಾಸ ನಮಗೆ ಬೇಡ. ಅವುಗಳ ಬದಲು ಟೈಟೇನಿಯಂ ಬಿಳಿ, ತಿಳಿ ಕ್ಯಾಡ್ಮಿಯಂ ಕೆಂಪು ಸಾಕು. ಟೈಟೇನಿಯಂ ಬಲು ಜೋರು, ಸ್ವಲ್ಪಸ್ವಲ್ಪವೇ ಬೆರೆಸಿ, ಇಲ್ಲದಿದ್ದರೆ ಎಲ್ಲವೂ ಸುಣ್ಣ ಬಳಿದಂತೆ. ನೆರಳಿಗೆ ವಿರಿಡಿಯನ್ ಜೊತೆ ಅಲಿಜರಿನ್ ಕೆಂಪು ಸೇರಿಸಿದರೆ ಕಪ್ಪಿನಷ್ಟೇ ಗಾಢವಾದರೂ ಜೀವ ಇರುವ ಬಣ್ಣ ಸಿಗುತ್ತದೆ. ಟ್ಯೂಬಿನ ಸ್ಯಾಪ್ ಗ್ರೀನ್ ಎಂಬ ಸಿದ್ಧ ಹಸಿರನ್ನು ಹಾಗೇ ಹಚ್ಚಿದ್ದರಿಂದಲೇ ನಿಮ್ಮ ಗೋಡೆ ಎದ್ದಿದೆ ಅನ್ನಿಸುತ್ತದೆ.

ಮೊದಲು ಪ್ರತಿಬಿಂಬ ಮಾತ್ರ, ಟರ್ಪೆಂಟೈನ್ ಬೆರೆಸಿ ತೆಳ್ಳಗೆ, ಲಂಬವಾಗಿ. ಆಮೇಲೆ ಕನಿಷ್ಠ ಒಂದು ವಾರ ಮುಟ್ಟಬೇಡಿ. ಮಳೆಗಾಲದಲ್ಲಿ ಇನ್ನೂ ಹೆಚ್ಚು ಬೇಕಾದೀತು. ಬೆರಳಿಗೆ ಅಂಟುವಾಗಲೇ ಎಲೆ ಹಾಕಿದರೆ ಕೆಳಗಿನ ಗಾಢ ಹಸಿರು ಕುಂಚಕ್ಕೆ ಹತ್ತಿ ಕೆಸರಾಗುತ್ತದೆ. ಮೇಲಿನ ಪದರದಲ್ಲಿ ಎಣ್ಣೆಯ ಅಂಶ ಕೆಳಗಿನದಕ್ಕಿಂತ ಹೆಚ್ಚಿರಲಿ, ತಿರುಗಾಮುರುಗಾ ಆದರೆ ಬಿರುಕು ಬಿಡುತ್ತದೆ.

ಎಲೆಗಳು ದುಂಡಗಲ್ಲ. ತೀರಾ ಮುಂದಿನವು ಅಗಲದ ಮೂರನೇ ಒಂದರಷ್ಟು ಎತ್ತರದ ಅಂಡಾಕಾರ. ಸೇತುವೆಯ ಕಡೆ ಹೋದಂತೆ ಚಪ್ಪಟೆಯಾಗುತ್ತ ಕೊನೆಗೆ ಬರೀ ಗೀರು. ಬಿಡಿಬಿಡಿಯಾಗಿ ಚೆಲ್ಲಬೇಡಿ, ಅಡ್ಡ ಪಟ್ಟಿಗಳಾಗಿ ಗುಂಪು ಮಾಡಿ, ನಡುವೆ ಗಾಢ ನೀರು ಕಾಣಲಿ. ಎಲೆಯ ಮೇಲೆ ಬೆಳಕು ಬಿದ್ದಲ್ಲಿ ಹಸಿರಿಗಿಂತ ಬಿಳಿ-ನೀಲಿಯೇ ಹೆಚ್ಚು. ಹೂವು ಕಟ್ಟಕಡೆಗೆ: ಬಿಳಿಗೆ ಚೂರು ಕೆಂಪು, ದಪ್ಪಗೆ ಒಂದೇ ಒತ್ತು. ತಿದ್ದಲು ಹೋದಿರೋ ಕೆಟ್ಟಿತು.

ಹಾಗೆಯೇ, ಮೋನೆಯದೇ ಕೆಂಪು-ಕಂದು ಸೇತುವೆಯ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಬಣ್ಣ ಹೊಂದಿಸಬೇಡಿ. ಅವೂ ಫ್ರಾನ್ಸಿನ ಜಿವರ್ನಿ ಊರಿನ ಅವನ ತೋಟದವೇ, 1893ರಲ್ಲಿ ಜಾಗ ಕೊಂಡು ನದಿಯ ಕವಲಿನಿಂದ ನೀರು ತಿರುಗಿಸಿ ಮಾಡಿಸಿದ ಅದೇ ಕೊಳ. ಆದರೆ ಅವು ಮೋನೆಯ ಕಣ್ಣಿಗೆ ಪೊರೆ ಬಂದ ಮೇಲಿನವು. ಪೊರೆ ಪತ್ತೆಯಾದದ್ದು 1912ರಲ್ಲಿ, ಶಸ್ತ್ರಚಿಕಿತ್ಸೆ 1923ರಲ್ಲಿ. ಅವುಗಳ ಬಣ್ಣದ ಲೆಕ್ಕವೇ ಬೇರೆ.