ನಿಮ್ಮ ಪ್ರಶ್ನೆ, ನಮ್ಮ ಉತ್ತರ: ರಾಮಾಚಾರಿ ಓಡಿದ ಬಂಡೆ ಎಲ್ಲಿದೆ?

ಪ್ರಶ್ನೆ: ನಮ್ಮ ಅಪ್ಪನಿಗೆ ಎಪ್ಪತ್ತರ ಹತ್ತಿರ. ‘ನಾಗರಹಾವು’ ಎಂದರೆ ಪ್ರಾಣ. ಆ ಸಿನಿಮಾದ ಜಾಗಗಳನ್ನು ತೋರಿಸಲು ಚಿತ್ರದುರ್ಗಕ್ಕೆ ಕರೆದೊಯ್ಯಬೇಕೆಂದಿದ್ದೇವೆ. ಬಳ್ಳಾರಿಯಿಂದ ಒಂದೇ ದಿನದಲ್ಲಿ ಹೋಗಿ ಬರಬಹುದೇ? ಏನೇನು ನೋಡಬಹುದು?
– ಓದುಗರೊಬ್ಬರು, ಕೌಲ್‌ಬಜಾರ್, ಬಳ್ಳಾರಿ

ಉತ್ತರ: ಧಾರಾಳವಾಗಿ ಹೋಗಿ ಬರಬಹುದು, ಆದರೆ ಬೆಳಗಿನ ಜಾವವೇ ಹೊರಡಬೇಕು. ಹಾನಗಲ್, ತಳುಕು, ಚಳ್ಳಕೆರೆ ಮೇಲಿನ ರಸ್ತೆಯಲ್ಲಿ ಎರಡೂವರೆಯಿಂದ ಮೂರು ತಾಸು ಬೇಕು. ರಾಯದುರ್ಗ, ಚಳ್ಳಕೆರೆ ಮೇಲೆ ಚಿತ್ರದುರ್ಗಕ್ಕೆ ರೈಲು ಮಾರ್ಗವೂ ಇದೆ. ಆದರೆ ಕೋಟೆಗೆ ಬಿಸಿಲೇರುವ ಮೊದಲೇ ಮುಟ್ಟಬೇಕಾದ್ದರಿಂದ ರೈಲಿನ ಸಮಯ ನೋಡಿಕೊಂಡೇ ತೀರ್ಮಾನಿಸಿ. ದಾರಿಯಲ್ಲಿ ತಳುಕು ಬಂದಾಗ ಅಪ್ಪನಿಗೆ ತೋರಿಸಿ. ತ.ರಾ.ಸು. ಅವರ ಹೆಸರಿನ ಮೊದಲಕ್ಷರ ಆ ಊರಿನದು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿಯೇ ಪುಟ್ಟಣ್ಣ ಕಣಗಾಲ್ 1972ರಲ್ಲಿ ಈ ಚಿತ್ರ ಮಾಡಿದ್ದು.

ಕೋಟೆಯ ಟಿಕೆಟ್ 25 ರೂಪಾಯಿ, 15 ವರ್ಷದೊಳಗಿನವರಿಗೆ ಇಲ್ಲ. ಬಾಗಿಲು ದಾಟಿ ಸ್ವಲ್ಪ ನಡೆದರೆ ಸಿಡಿಮದ್ದು ಬೀಸುತ್ತಿದ್ದ ದೊಡ್ಡ ಕಲ್ಲುಗಳು ಸಿಗುತ್ತವೆ. ಅಲ್ಲಿ ನಿಲ್ಲದೆ ಮೊದಲು ಓಬವ್ವನ ಕಿಂಡಿಗೆ ಹೋಗಿ. ‘ಕನ್ನಡ ನಾಡಿನ ವೀರ ರಮಣಿಯ’ ಹಾಡಿನಲ್ಲಿ ಜಯಂತಿ ಒನಕೆ ಹಿಡಿದು ನಿಂತ ಕಥೆಯ ಜಾಗ ಅದು, ಪಕ್ಕದಲ್ಲೇ ತಣ್ಣೀರು ದೋಣಿ ಎಂಬ ಚಿಕ್ಕ ನೀರಿನ ತಾಣ. ಹೊತ್ತು ಏರಿದ ಮೇಲೆ ಶಾಲಾ ಪ್ರವಾಸದ ಬಸ್ಸುಗಳು ಬಂದರೆ ಆ ಸಂದಿಯ ಮುಂದೆ ಸಾಲು ನಿಲ್ಲುತ್ತದೆ. ಅದರೊಳಗೆ ಒಬ್ಬೊಬ್ಬರೇ ಬಗ್ಗಿ ನುಸುಳಬೇಕು. ಮೊಣಕಾಲು ನೋವಿದ್ದರೆ ಅಪ್ಪ ಹೊರಗಿನಿಂದಲೇ ನೋಡಲಿ.

ಆಮೇಲೆ ಮೆಟ್ಟಿಲು ಹಿಡಿದು ನಿಧಾನವಾಗಿ ಏಕನಾಥೇಶ್ವರಿ ಗುಡಿ, ಉಯ್ಯಾಲೆ ಕಂಬ, ಹಿಡಿಂಬೇಶ್ವರ ಗುಡಿಯ ಸುತ್ತ ಓಡಾಡಿ. ‘ಹಾವಿನ ದ್ವೇಷ ಹನ್ನೆರಡು ವರುಷ’ ಹಾಡಿನ ಬಂಡೆಗಳು, ಕೋಟೆಗೋಡೆಗಳು ಈ ಬೆಟ್ಟದವೇ. ಆ ಹಾಡನ್ನು ಒಂದೇ ಜಾಗದಲ್ಲಿ ಹುಡುಕಬೇಡಿ. ರಾಮಾಚಾರಿ ಪಾತ್ರದ ವಿಷ್ಣುವರ್ಧನ್ ಒಂದು ಸಾಲನ್ನು ಇಲ್ಲಿ ಹಾಡಿ ಮುಂದಿನ ಸಾಲಿಗೆ ಬೇರೆಯೇ ಬಂಡೆಯ ಮೇಲಿರುತ್ತಾರೆ. ತೆರೆಯ ಮೇಲೆ ಒಂದು ಜಿಗಿತ, ಬೆಟ್ಟದಲ್ಲಿ ಕಾಲುಗಂಟೆಯ ನಡಿಗೆ.

ಚಿತ್ರದ ಚಾಮಯ್ಯ ಮೇಷ್ಟ್ರ ಮನೆ ಎಲ್ಲಿ ಎಂದು ಊರಿನ ಓಣಿಗಳಲ್ಲಿ ಅಲೆಯುವುದು ದಂಡ. ಆ ಕಾಲದ ಕನ್ನಡ ಚಿತ್ರಗಳಲ್ಲಿ ಮನೆಯೊಳಗಿನ ದೃಶ್ಯಗಳು ಬಹುಪಾಲು ಸ್ಟುಡಿಯೊ ಸೆಟ್ಟುಗಳು.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್‌ನಲ್ಲಿ ಹಿರಿಯರನ್ನು ಕರೆದೊಯ್ಯಬೇಡಿ, ಹನ್ನೊಂದಕ್ಕೆಲ್ಲ ಬಂಡೆ ಕಾದಿರುತ್ತದೆ. ತಲೆಗೆ ಎರಡು ಲೀಟರ್ ನೀರು ಕೆಳಗಿನಿಂದಲೇ ಹೊರಬೇಕು. ತಿಂಡಿಯ ಪ್ಲಾಸ್ಟಿಕ್ ಚೀಲ ಕೈಯಲ್ಲಿ ತೂಗಾಡಿಸಿಕೊಂಡು ಹೋದರೆ ಮಂಗಗಳಿಗೆ ಕೊಟ್ಟಂತೆಯೇ. ಎಲ್ಲವೂ ಬೆನ್ನಚೀಲದೊಳಗಿರಲಿ.

ಪ್ರಶ್ನೆ: ‘ನಾಗರಹಾವು’ ಸಿನಿಮಾದ ಫ್ರೇಮನ್ನೂ ಈಗಿನ ಜಾಗವನ್ನೂ ಪಕ್ಕಪಕ್ಕ ಇಡುವಂಥ ಫೋಟೊ ತೆಗೆಯಬೇಕು. ಜಾಗ ಸಿಕ್ಕರೂ ಚಿತ್ರ ಹೊಂದುವುದೇ ಇಲ್ಲ, ಬೆಟ್ಟ ದೂರ ಹೋದಂತೆ ಕಾಣುತ್ತದೆ. ಯಾಕೆ?
– ಹವ್ಯಾಸಿ ಛಾಯಾಗ್ರಾಹಕ, ಕೊಪ್ಪಳ

ಉತ್ತರ: ಎರಡು ಕಾರಣ ಇರಬಹುದು. ಮೊದಲನೆಯದು ನೀವು ನೋಡಿಕೊಂಡು ಹೋದ ಪ್ರತಿ. 2018ರಲ್ಲಿ ‘ನಾಗರಹಾವು’ ಮರುಬಿಡುಗಡೆಯಾದಾಗ ಅದನ್ನು ಸಿನಿಮಾಸ್ಕೋಪ್ ಅಗಲಕ್ಕೆ ಹೊಂದಿಸಿದ್ದರು. ಅಗಲಕ್ಕೆ ಹೊಂದಿಸಿದರೆ ಮೇಲಿನ ಆಕಾಶ, ಕೆಳಗಿನ ನೆಲ ಕತ್ತರಿಸಿಹೋಗುತ್ತವೆ. ಜಾಗ ಗುರುತಿಸಲು ಬೇಕಾಗುವುದೇ ಆ ಎರಡು. ಟೀವಿಯಲ್ಲಿ ಬರುತ್ತಿದ್ದ ಹಳೆಯ ಚೌಕಾಕಾರದ ಪ್ರತಿಯಿಂದ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಫೋನಿನ ಕ್ಯಾಮೆರಾವನ್ನೂ 4:3ಕ್ಕೆ ಇಡಿ.

ಎರಡನೆಯದು ಲೆನ್ಸ್. ಫೋನಿನ ಮಾಮೂಲಿ ಲೆನ್ಸ್ ತುಂಬ ಅಗಲಕ್ಕೆ ನೋಡುತ್ತದೆ, ಅದಕ್ಕೇ ಹಿಂದಿನ ಬೆಟ್ಟ ಸಣ್ಣದಾಗುವುದು. ಸಿನಿಮಾ ಕ್ಯಾಮೆರಾದ 35 ಅಥವಾ 50 ಮಿ.ಮೀ. ಲೆನ್ಸಿನ ನೋಟಕ್ಕೆ ಹತ್ತಿರವಾಗಬೇಕಾದರೆ ಫೋನಿನಲ್ಲಿ ಎರಡರಿಂದ ಮೂರು ಪಟ್ಟು ಝೂಮ್ ಬೇಕು. ಝೂಮ್ ಹಾಕಿ, ನೀವು ಹಿಂದಕ್ಕೆ ಸರಿಯಿರಿ.

ನಿಂತ ಜಾಗ ಸರಿಯೇ ಎಂದು ತಿಳಿಯಲು ಮರಗಿಡ ನಂಬಬೇಡಿ. ಐವತ್ತು ವರ್ಷದಲ್ಲಿ ಅವು ಬೇರೆಯೇ ಆಗಿವೆ. ಕಂಬಿ, ಫಲಕ, ಹೊಸ ಮೆಟ್ಟಿಲುಗಳೂ ಬಂದಿವೆ. ಬಂಡೆಯ ಬಿರುಕು, ಕೋಟೆಗೋಡೆಯ ತೆನೆ, ಬುರುಜಿನ ಅಂಚು, ಇವು ಅಲುಗಿಲ್ಲ. ಫ್ರೇಮಿನಲ್ಲಿ ಹತ್ತಿರದ ಒಂದು ಬಂಡೆಯಂಚನ್ನೂ ದೂರದ ಒಂದು ಬುರುಜನ್ನೂ ಆರಿಸಿ. ಎಡಕ್ಕೆ ಬಲಕ್ಕೆ ಒಂದೊಂದೇ ಹೆಜ್ಜೆ ಸರಿದು ಆ ಎರಡೂ ಸಿನಿಮಾದಲ್ಲಿದ್ದಂತೆಯೇ ಒಂದರ ಹಿಂದೊಂದು ಬಂದರೆ ದಿಕ್ಕು ಸಿಕ್ಕಿತು. ಇಂಥದ್ದೇ ಇನ್ನೊಂದು ಜೋಡಿಯೂ ಹೊಂದುವವರೆಗೆ ಅದೇ ಗೆರೆಯಲ್ಲಿ ಹಿಂದೆ ಮುಂದೆ ಸರಿಯಿರಿ. ಎರಡು ಜೋಡಿಯೂ ಕೂಡಿದ ಕಡೆಯೇ ಕ್ಯಾಮೆರಾ ನಿಂತಿತ್ತು. ಕೊನೆಯದು ಎತ್ತರ. ಹೆಚ್ಚಿನವರು ನಿಂತೇ ತೆಗೆಯುತ್ತಾರೆ. ಸಿನಿಮಾದಲ್ಲಿ ಕ್ಯಾಮೆರಾ ಎಷ್ಟೋ ಸಲ ಮೊಣಕಾಲಿಗಿಂತ ಕೆಳಗಿರುತ್ತದೆ.

ನೆರಳು ನೋಡಿದರೆ ಹೊತ್ತೂ ತಿಳಿಯುತ್ತದೆ. ಪೂರ್ವಕ್ಕೆ ಮುಖ ಮಾಡಿದ ಗೋಡೆ ಬೆಳಗಿದ್ದರೆ ಅದು ಬೆಳಗಿನ ಚಿತ್ರೀಕರಣ. ನೀವು ಸಂಜೆ ಹೋದರೆ ಅದೇ ಗೋಡೆ ಕಪ್ಪಗಿರುತ್ತದೆ, ಎಷ್ಟು ಒದ್ದಾಡಿದರೂ ಹೊಂದದು.

ಇದರಲ್ಲೇ ಒಂದು ಎಚ್ಚರಿಕೆ. ಕೊನೆಯ ದೃಶ್ಯದ ಪ್ರಪಾತ ಹುಡುಕಿಕೊಂಡು ಬಂಡೆಯ ಅಂಚಿಗೆ ಹೋಗುವವರಿದ್ದಾರೆ. ಕ್ಯಾಮೆರಾ ಕೆಳಗಿಟ್ಟು ಮೇಲಕ್ಕೆ ನೋಡಿದರೆ ನಟನ ಹಿಂದಿನ ನೆಲ ಮರೆಯಾಗಿ ಬರೀ ಆಕಾಶ ಉಳಿಯುತ್ತದೆ, ಸಪಾಟು ಬಂಡೆಯೂ ಕಂದರದಂತೆ ಕಾಣುತ್ತದೆ. ನೀವೂ ಹಾಗೇ ಮಾಡಿ, ಅಂಚಿನಿಂದ ಹತ್ತಡಿ ಒಳಗಿದ್ದರೂ ಅದೇ ಚಿತ್ರ ಸಿಗುತ್ತದೆ. ಮಳೆ ಬಿದ್ದ ದಿನವಂತೂ ಇಳಿಜಾರು ಬಂಡೆಯ ತಂಟೆಗೇ ಹೋಗಬಾರದು.

ಪ್ರಶ್ನೆ: ಜಾಕಿ ಚಾನ್ ಸಿನಿಮಾ ಹಂಪಿಯಲ್ಲಿ ತೆಗೆದದ್ದು ನಿಜವೇ? ನಮ್ಮ ಕಡೆಯಿಂದ ಹೋಗುವುದು ಹೇಗೆ?
– ಕಾಲೇಜು ವಿದ್ಯಾರ್ಥಿ, ಗಂಗಾವತಿ

ಉತ್ತರ: ನಿಜ. 2005ರ ‘ದಿ ಮಿತ್’, ಜೊತೆಗೆ ಮಲ್ಲಿಕಾ ಶೆರಾವತ್. ಗಂಗಾವತಿಯಿಂದ ಬೈಕಿನಲ್ಲಾದರೆ ಕಡೆಬಾಗಿಲು–ಬುಕ್ಕಸಾಗರ ಸೇತುವೆ ದಾಟಿ ಹೋಗಿ. ವಿರೂಪಾಪುರಗಡ್ಡೆಯ ದೋಣಿಯನ್ನೇ ನಂಬಿಕೊಂಡು ಹೊರಡಬೇಡಿ, ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟ ದಿನ ಅದು ನಿಲ್ಲುತ್ತದೆ.

ಹಂಪಿಯಲ್ಲಿ ತೆಗೆದ ಯಾವ ಸಿನಿಮಾ ಹಿಡಿದು ಹೋದರೂ ಅದರ ವರ್ಷ ಮೊದಲು ನೋಡಿ. 2011ಕ್ಕೆ ಮುಂಚಿನದಾದರೆ ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲಿ ಮನೆ, ಅಂಗಡಿ, ಹೋಟೆಲು ತುಂಬಿರುತ್ತವೆ. ಆ ವರ್ಷ ತೆರವಾದ ಮೇಲೆ ಬೀದಿ ಖಾಲಿ. ಗಡ್ಡೆಯ ರೆಸಾರ್ಟ್‌ಗಳೂ 2020ರಲ್ಲಿ ಹೋದವು. ಆದ್ದರಿಂದ ಬೀದಿ ನೋಡಿ ಜಾಗ ಹುಡುಕದೆ ವಿರೂಪಾಕ್ಷ ಗೋಪುರ, ಮಾತಂಗ ಬೆಟ್ಟ ಯಾವ ಕಡೆ ಕಾಣುತ್ತವೆ ಎಂಬುದನ್ನು ಹಿಡಿಯಿರಿ. ವಿಠ್ಠಲ ದೇವಸ್ಥಾನದವರೆಗೆ ಬೈಕು ಬಿಡುವುದಿಲ್ಲ, ಕೊನೆಯ ಒಂದು ಕಿಲೋಮೀಟರಿನಷ್ಟು ಬ್ಯಾಟರಿ ಗಾಡಿ ಇಲ್ಲವೇ ನಡಿಗೆ. ಹಳೆಯ ಸಿನಿಮಾಗಳಲ್ಲಿ ನಾಯಕ ಕಲ್ಲಿನ ರಥಕ್ಕೆ ಒರಗಿ ಹಾಡುತ್ತಾನೆಂದು ನೀವೂ ಒರಗಲು ಹೋಗಬೇಡಿ. ಈಗ ಸುತ್ತ ತಡೆ ಹಾಕಿದ್ದಾರೆ, ಕಾವಲಿನವರು ಸೀಟಿ ಊದುತ್ತಾರೆ.

ಪ್ರಶ್ನೆ: ‘ನಾಗರಹಾವು’ ಚಿತ್ರದ ‘ಬಾರೆ ಬಾರೆ’ ಹಾಡಿಗೆ ನಾವೂ ಚಿತ್ರದುರ್ಗದ ಕೋಟೆಯಲ್ಲಿ ಸ್ಲೋ ಮೋಷನ್ ರೀಲ್ಸ್ ಮಾಡಬಹುದೇ? ಡ್ರೋನ್ ಇದೆ.
– ಗೆಳತಿಯರ ಗುಂಪು, ಸಿಂಧನೂರು

ಉತ್ತರ: ಡ್ರೋನ್ ಮನೆಯಲ್ಲೇ ಬಿಡಿ, ಸಂರಕ್ಷಿತ ಸ್ಮಾರಕದ ಮೇಲೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಫೋನಿನಲ್ಲಿ ತೆಗೆದುಕೊಂಡರೆ ಯಾರೂ ಕೇಳರು. ಟ್ರೈಪಾಡ್, ಲೈಟು, ವೇಷಭೂಷಣ ಹೊತ್ತು ಹೋದರೆ ಅದು ಚಿತ್ರೀಕರಣವೆನಿಸುತ್ತದೆ, ಪುರಾತತ್ವ ಇಲಾಖೆಯಿಂದ ಮುಂಚೆಯೇ ಒಪ್ಪಿಗೆ ಬೇಕು.

ಫೋನನ್ನು ಸೆಕೆಂಡಿಗೆ 60 ಫ್ರೇಮಿಗೆ ಇಟ್ಟು ತೆಗೆದು, ಎಡಿಟ್ ಮಾಡುವಾಗ ಯಾವ ಫ್ರೇಮನ್ನೂ ಬಿಡದೆ ಸೆಕೆಂಡಿಗೆ 30ರಂತೆ ಓಡಿಸಿದರೆ ವೇಗ ಅರ್ಧವಾಗುತ್ತದೆ. ಆದರೆ ತುಟಿ ಹಾಡಿಗೆ ಕೂಡಬೇಕಲ್ಲ? ಅದಕ್ಕೆ ತೆಗೆಯುವಾಗ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಅದಕ್ಕೆ ತಕ್ಕಂತೆ ಬಾಯಾಡಿಸಬೇಕು. ಮನೆಯಲ್ಲೇ ನಾಲ್ಕಾರು ಸಲ ಅಭ್ಯಾಸ ಮಾಡಿಕೊಳ್ಳಿ, ಮೊದಲ ಸಲ ಎಲ್ಲರೂ ಮಾತು ನುಂಗುತ್ತಾರೆ. ಸಿಂಧನೂರಿನಿಂದ ಗಂಗಾವತಿ, ಹೊಸಪೇಟೆ, ಕೂಡ್ಲಿಗಿ ಮೇಲೆ ದಾರಿ. ಒಂದೇ ದಿನದಲ್ಲಿ ಹೋಗಿ ಬರುವ ಹುಮ್ಮಸ್ಸು ಬೇಡ, ಹಿಂದಿನ ರಾತ್ರಿಯೇ ಚಿತ್ರದುರ್ಗ ಸೇರಿ ಬಸ್ ನಿಲ್ದಾಣದ ಹತ್ತಿರ ಉಳಿದುಕೊಳ್ಳಿ.