ಮನೆಯಲ್ಲೇ ಮಾಡಿದ ಸ್ಪೀಕರ್: ಡಗ್ಗಾ ಗುಂಯ್ ಅನ್ನುತ್ತದೆ, ದನಿ ಮೂಗಿನಿಂದ ಬಂದಂತಿದೆ. ಎಲ್ಲಿಂದ ಸರಿ ಮಾಡಲಿ?

ವಿಜಯಪುರದಿಂದ ನೀವು ಕೊಟ್ಟ ವಿವರ ಇಷ್ಟು: ದಪ್ಪ ದನಿಗೆ ಆರೂವರೆ ಇಂಚಿನ ವೂಫರ್ (ಡಿಸಿ ರೆಸಿಸ್ಟೆನ್ಸ್ 6.2 ಓಮ್, ಇಂಡಕ್ಟನ್ಸ್ 0.6 ಮಿಲಿಹೆನ್ರಿ), ತೆಳು ದನಿಗೆ ಒಂದಿಂಚಿನ ರೇಷ್ಮೆ ಡೋಮ್ ಟ್ವೀಟರ್, 18 ಮಿ.ಮೀ. ಎಂಡಿಎಫ್‌ನಲ್ಲಿ 22 ಸೆಂ.ಮೀ. ಅಗಲದ 20 ಲೀಟರ್ ಪೆಟ್ಟಿಗೆ, ಒಳಗಿನ ಎತ್ತರ 40 ಸೆಂ.ಮೀ., 5 ಸೆಂ.ಮೀ. ವ್ಯಾಸದ 5 ಸೆಂ.ಮೀ. ಉದ್ದದ ಪೋರ್ಟ್ (ಪೆಟ್ಟಿಗೆಯ ಗಾಳಿ ಹೊರಬರುವ ಕೊಳವೆ), ದಪ್ಪ ದನಿಯನ್ನು ವೂಫರ್‌ಗೆ, ತೆಳು ದನಿಯನ್ನು ಟ್ವೀಟರ್‌ಗೆ ಹಂಚುವ 2500 ಹರ್ಟ್ಸ್‌ನ ರೆಡಿಮೇಡ್ ಕ್ರಾಸ್ಓವರ್ ಬೋರ್ಡು. ಭಜನಾ ಪದ ಹಚ್ಚಿದರೆ ಡಗ್ಗಾ ಗುಂಯ್ ಅನ್ನುತ್ತದೆ, ಹಾಡುವವರ ದನಿ ಮೂಗಿನಿಂದ ಬರುತ್ತದೆ, ತಾಳ ಕಿವಿಗೆ ಚುಚ್ಚುತ್ತದೆ. ಎಲ್ಲ ಕೆಪಾಸಿಟರ್ ತೆಗೆದು ದುಬಾರಿ ಪಾಲಿಪ್ರೊಪಿಲೀನ್ ಹಾಕಲೇ ಎಂದು ಕೇಳಿದ್ದೀರಿ.

ಈಗಲೇ ಬೇಡ. ಈ ಮೂರೂ ತೊಂದರೆಯ ಬೇರು ಬೇರೆ ಕಡೆ ಇದೆ, ಮತ್ತು ವೂಫರ್, ಟ್ವೀಟರ್ ಎರಡನ್ನೂ ಉಳಿಸಿಕೊಂಡೇ ಸರಿ ಮಾಡಬಹುದು. ಒಂದು ಮಾತು ಮಾತ್ರ ಖಂಡಿತ ಪಾಲಿಸಿ: ಎರಡರಲ್ಲಿ ಒಂದೇ ಪೆಟ್ಟಿಗೆಗೆ ಕೈ ಹಾಕಿ, ಇನ್ನೊಂದನ್ನು ಇದ್ದಂತೆಯೇ ಬಿಡಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಆಂಪ್ಲಿಫೈಯರ್ ಮೋನೋದಲ್ಲಿರಲಿ, ಬ್ಯಾಲೆನ್ಸ್ ತಿರುಗಿಸಿ ಒಮ್ಮೆ ಇದು ಒಮ್ಮೆ ಅದು ಕೇಳಿ. ನಿನ್ನೆ ಕೇಳಿದ್ದನ್ನು ಇವತ್ತು ನೆನಪಿನಿಂದ ಹೋಲಿಸಲು ಹೋದರೆ ಕಿವಿ ಮೋಸ ಹೋಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ.

ಮೊದಲು ಪೋರ್ಟ್. ನಿಮ್ಮ ಅಳತೆಗೆ ಪೆಟ್ಟಿಗೆ 58 ಹರ್ಟ್ಸ್‌ಗೆ ಟ್ಯೂನ್ ಆಗಿದೆ. ಅಷ್ಟು ಹರ್ಟ್ಸ್‌ನ ದನಿಯಲ್ಲಿ ಉಬ್ಬು ಬಂದು ಡಗ್ಗಾದ ಪ್ರತಿ ಏಟಿಗೂ ಒಂದೇ ಸ್ವರ ಅಂಟಿಕೊಳ್ಳುತ್ತದೆ. ಪೈಪನ್ನು 11 ಸೆಂ.ಮೀ.ಗೆ ಬೆಳೆಸಿದರೆ 45 ಹರ್ಟ್ಸ್‌ಗೆ ಇಳಿಯುತ್ತದೆ. ಪಿವಿಸಿ ಪೈಪು ಸಾಕು, ಆದರೆ ಒಳವ್ಯಾಸ ಅಳೆದೇ ತಗೊಳ್ಳಿ. ಅಂಗಡಿಯಲ್ಲಿ ಹೇಳುವ ಮಿ.ಮೀ. ಹೊರವ್ಯಾಸದ್ದು. 12 ಸೆಂ.ಮೀ. ಕತ್ತರಿಸಿ, ಅರ್ಧರ್ಧ ಸೆಂ.ಮೀ. ಕಡಿಮೆ ಮಾಡುತ್ತಾ ಬನ್ನಿ. ಪರೀಕ್ಷೆಗೆ ಯಂತ್ರ ಬೇಕಿಲ್ಲ. ಪೋರ್ಟಿನ ಬಾಯಿಗೆ ಹತ್ತಿಯ ಎಳೆಯೊಂದನ್ನು ದಾರದಲ್ಲಿ ಇಳಿಬಿಡಿ. ಫೋನಿನ ಟೋನ್ ಜನರೇಟರ್ ಆಪ್‌ನಿಂದ, ವಾಲ್ಯೂಮ್ ಕಡಿಮೆ ಇಟ್ಟು, 70 ಹರ್ಟ್ಸ್‌ನಿಂದ ಮೆಲ್ಲಗೆ ಇಳಿಸಿ. ಒಂದು ಕಡೆ ಎಳೆ ಅತಿ ಜೋರಾಗಿ ತೂರಾಡುತ್ತದೆ, ಅದೇ ಹೊತ್ತಿಗೆ ವೂಫರ್‌ನ ಕೋನ್ ನಿಂತೇಹೋದಂತೆ ಕಾಣುತ್ತದೆ. ಟ್ಯೂನಿಂಗ್ ಇರುವುದು ಅಲ್ಲಿ. ಅದಕ್ಕಿಂತ ಕೆಳಗೆ ಕೋನ್‌ಗೆ ಪೆಟ್ಟಿಗೆಯ ಗಾಳಿಯ ಹಿಡಿತ ಇರುವುದಿಲ್ಲ, ಆದ್ದರಿಂದ ಬಾಸ್ ನಾಬ್ ಪೂರ್ತಿ ತಿರುಗಿಸಿ ಬಾರಿಸಬೇಡಿ.

ಮೂಗುದನಿಗೆ ಬಹುಮಟ್ಟಿಗೆ ಪೆಟ್ಟಿಗೆಯೇ ಕಾರಣ. ಒಳಗಿನ ಎತ್ತರ 40 ಸೆಂ.ಮೀ. ಎಂದರೆ ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ಸುಮಾರು 430 ಹರ್ಟ್ಸ್‌ನಲ್ಲಿ ನಿಂತ ಅಲೆ ಹುಟ್ಟುತ್ತದೆ, ಪೋರ್ಟಿನಿಂದ ಹೊರಗೂ ಬರುತ್ತದೆ. ಎಲ್ಲರೂ ಗೋಡೆಗೆ ಫೋಮ್ ಅಂಟಿಸಿ ಸುಮ್ಮನಾಗುತ್ತಾರೆ. ಆದರೆ ಗೋಡೆಯ ಹತ್ತಿರ ಗಾಳಿ ಅಲುಗುವುದೇ ಇಲ್ಲ. ಅದು ಅತಿ ಹೆಚ್ಚು ಓಡಾಡುವುದು ಎತ್ತರದ ನಡುಮಧ್ಯದಲ್ಲಿ. ಹೀರುವ ವಸ್ತು ಇರಬೇಕಾದ್ದೂ ಅಲ್ಲೇ. ನಮ್ಮ ಕಡೆಯ ಕುರಿ ಉಣ್ಣೆಯ ಕಂಬಳಿ ಈ ಕೆಲಸಕ್ಕೆ ಬಹಳ ಒಳ್ಳೆಯದು. ಹಳೆಯದೊಂದು ತುಂಡನ್ನು ಒಗೆದು ಒಣಗಿಸಿ, ನಾಲ್ಕು ಮಡಿಕೆ ಮಾಡಿ, ವೂಫರ್‌ನ ಹಿಂದೆ ನಡು ಎತ್ತರದಲ್ಲಿ ಅಡ್ಡಕ್ಕೆ ತೊಟ್ಟಿಲಿನಂತೆ ಕಟ್ಟಿ. ಪೂರ್ತಿ ಮುಚ್ಚಬೇಡಿ, ಅರ್ಧದಷ್ಟು ಜಾಗ ಖಾಲಿ ಇರಲಿ, ಪೋರ್ಟಿನ ಒಳಬಾಯಿಯಿಂದ 8 ಸೆಂ.ಮೀ. ದೂರವಿರಲಿ. ಹೆಚ್ಚು ತುಂಬಿದರೆ ಪೋರ್ಟಿನ ಉಸಿರು ಕಟ್ಟಿ ಬಾಸ್ ಸಾಯುತ್ತದೆ. ನುಸಿ ಬರದಂತೆ ಒಂದೆರಡು ಒಣ ಬೇವಿನ ಎಲೆ ಇಡಬಹುದು. ಗಾದಿಯ ಹತ್ತಿ ಬೇಡ, ಅದು ಕೆಲವು ತಿಂಗಳಲ್ಲೇ ಕುಸಿದು ತಳ ಸೇರುತ್ತದೆ.

ಹಲಗೆಯೂ ದನಿ ಕೊಡುತ್ತದೆ. ಪೆಟ್ಟಿಗೆಯನ್ನು ಮಗ್ಗುಲಾಗಿ ಮಲಗಿಸಿ ಮೇಲೆ ಒಂದು ಚಿಟಿಕೆ ಸಾಸಿವೆ ಉದುರಿಸಿ, 150ರಿಂದ 500 ಹರ್ಟ್ಸ್‌ವರೆಗೆ ಟೋನ್ ಏರಿಸಿ. ಕಾಳು ಕುಣಿಯುವಲ್ಲಿ ಹಲಗೆ ನಡುಗುತ್ತಿದೆ. ಎರಡು ಪಕ್ಕದ ಹಲಗೆಗಳ ನಡುವೆ ಪ್ಲೈವುಡ್ ಪಟ್ಟಿಯೊಂದನ್ನು ಸರಿಮಧ್ಯ ಬಿಟ್ಟು ಸ್ವಲ್ಪ ಆಚೀಚೆ ಫೆವಿಕಾಲ್ ಹಚ್ಚಿ ಬಿಗಿಸಿ. ಸಂದಿಗಳಿಗೆ ಹುಳಿವಾಸನೆಯ ಸಿಲಿಕಾನ್ ಹಾಕಿದರೆ ಒಂದು ದಿನ ಪೂರ್ತಿ ಒಣಗಿದ ಮೇಲೆಯೇ ವೂಫರ್ ಕೂರಿಸಿ, ಆ ಆವಿ ತಾಮ್ರ ತಿನ್ನುತ್ತದೆ. ವೂಫರ್ ಬಿಚ್ಚುವಾಗ ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಹಿಡಿಯಿರಿ: ಅಯಸ್ಕಾಂತ ಎಳೆದರೆ ತುದಿ ನೇರ ಕೋನ್ ಸೀಳುತ್ತದೆ.

ಇನ್ನು ಕ್ರಾಸ್ಓವರ್. ತಾಳ ಚುಚ್ಚುವುದಕ್ಕೆ ನೀವು ಟ್ವೀಟರನ್ನು ದೂರುತ್ತಿದ್ದೀರಿ, ಅರ್ಧ ತಪ್ಪು ವೂಫರಿನದು. ಬೋರ್ಡು 8 ಓಮ್ ಎಂದು ನಂಬಿ 0.7 ಮಿಲಿಹೆನ್ರಿ ಕಾಯಿಲ್, 5.6 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟಿದೆ. ನಿಮ್ಮ ವೂಫರ್ 2500 ಹರ್ಟ್ಸ್‌ನಲ್ಲಿ 11 ಓಮ್ ದಾಟುತ್ತದೆ. ಹೀಗಾಗಿ ಕತ್ತರಿಸಬೇಕಾದ ಬೋರ್ಡೇ 3000 ಹರ್ಟ್ಸ್ ಹತ್ತಿರ ಸುಮಾರು 3 ಡಿಬಿ (ಡೆಸಿಬೆಲ್, ದನಿಯ ಮಟ್ಟದ ಅಳತೆ) ಹೆಚ್ಚು ಕಳಿಸುತ್ತಿದೆ. ವೂಫರ್‌ನ ಎರಡು ಟರ್ಮಿನಲ್‌ಗೆ ಅಡ್ಡಲಾಗಿ 8.2 ಓಮ್, 10 ವ್ಯಾಟ್ ರೆಸಿಸ್ಟರ್ ಮತ್ತು 10 ಮೈಕ್ರೋಫ್ಯಾರಡ್ ಬೈಪೋಲಾರ್ ಕೆಪಾಸಿಟರನ್ನು ಸಾಲಾಗಿ ಜೋಡಿಸಿ ಹಾಕಿ. ವೂಫರ್‌ನ ಓಮ್ ಹಾಗೆ ಏರುವುದು ತಗ್ಗಿ, ಇಷ್ಟಕ್ಕೇ ಅರ್ಧ ಕರ್ಕಶ ಹೋಗುತ್ತದೆ.

ಆಮೇಲೆ ಕಾಯಿಲ್. 22 ಸೆಂ.ಮೀ. ಮುಂಬದಿಯ ಪೆಟ್ಟಿಗೆಯಲ್ಲಿ ಸುಮಾರು 520 ಹರ್ಟ್ಸ್‌ಗಿಂತ ಕೆಳಗಿನ ದನಿ ಹಿಂದಕ್ಕೂ ಹರಡಿಹೋಗಿ, ಗಂಟಲಿನ ತೂಕ ಕಮ್ಮಿಯಾಗುತ್ತದೆ. 0.7 ಬದಲು 1.2 ಮಿಲಿಹೆನ್ರಿ ಹಾಕಿದರೆ ಮೇಲಿನದು ತಗ್ಗಿ ಸಮ ಆಗುತ್ತದೆ. ಗೋಡೆಯಿಂದ ಒಂದು ಮೀಟರ್ ದೂರ ಇಡುವವರಾದರೆ 1.5. ಇದನ್ನು ಕೊಳ್ಳಬೇಕಿಲ್ಲ. ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವ ಅಂಗಡಿಯಲ್ಲಿ 18 ಗೇಜ್ ಎನಾಮಲ್ ತಾಮ್ರದ ತಂತಿ ತೂಕದ ಲೆಕ್ಕದಲ್ಲಿ ಸಿಗುತ್ತದೆ, ಒಂದು ಕಾಯಿಲ್‌ಗೆ 300 ಗ್ರಾಂ ಆಸುಪಾಸು ಬೇಕು. 3 ಸೆಂ.ಮೀ. ವ್ಯಾಸ, 3 ಸೆಂ.ಮೀ. ಅಗಲದ ಬಾಬಿನ್‌ಗೆ 215 ಸುತ್ತಿಗೆ ಹೆಚ್ಚುಕಡಿಮೆ 1.2 ಬರುತ್ತದೆ, 230 ಸುತ್ತಿ, ಇಂಡಕ್ಟನ್ಸ್ ಅಳೆಯುವ ಎಲ್‌ಸಿಆರ್ ಮೀಟರ್ ನೋಡುತ್ತಾ ಬಿಚ್ಚಿ. ಸಡಿಲ ಸುತ್ತಿದರೆ ಲೆಕ್ಕ ತಪ್ಪುತ್ತದೆ. ನಡುವೆ ಕಬ್ಬಿಣದ ಬೋಲ್ಟ್ ತೂರಿಸಬೇಡಿ, ಹಿತ್ತಾಳೆ ಸ್ಕ್ರೂ ಅಥವಾ ಕೇಬಲ್ ಟೈ ಇರಲಿ. ಟ್ವೀಟರ್ ಕಾಯಿಲ್‌ಗೆ ಇದು 90 ಡಿಗ್ರಿ ತಿರುಗಿ, 10 ಸೆಂ.ಮೀ. ದೂರದಲ್ಲಿರಲಿ.

ಟ್ವೀಟರನ್ನು 3 ಡಿಬಿ ಇಳಿಸಲು ಬೋರ್ಡಿನ ಆಚೆ, ಟ್ವೀಟರ್‌ಗೆ ಹೋಗುವ ತಂತಿಯಲ್ಲಿ 2.2 ಓಮ್ ಸಾಲಾಗಿ, ಟ್ವೀಟರ್‌ಗೆ ಅಡ್ಡಲಾಗಿ 18 ಓಮ್, ಎರಡೂ 10 ವ್ಯಾಟ್‌ನವು. ಇವು ಬಿಸಿಯಾಗುತ್ತವೆ, ಕಂಬಳಿಗೆ ತಾಗಬಾರದು. ಕೊನೆಗೆ ಟ್ವೀಟರ್‌ನ ಪ್ಲಸ್ ಮೈನಸ್ ಅದಲು ಬದಲು ಮಾಡಿ ನೋಡಿ: 2000ದಿಂದ 3000 ಹರ್ಟ್ಸ್ ನಡುವೆ ಯಾವ ಜೋಡಣೆಯಲ್ಲಿ ದನಿ ಆಳಕ್ಕೆ ಕುಸಿಯುತ್ತದೋ ಅದು ತಪ್ಪು, ಇನ್ನೊಂದು ಸರಿ. ಮೈಕ್ ಇದ್ದರೆ ಆರ್‌ಇಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಇದು ಸ್ಪಷ್ಟ ಕಾಣುತ್ತದೆ. ಗಾಳಿ ಇಲ್ಲದ ಹೊತ್ತು ನೋಡಿ ಮಾಳಿಗೆ ಮೇಲೆ ಅಳೆಯಿರಿ. ಸ್ಪೀಕರ್ 1.5 ಮೀಟರ್ ಎತ್ತರ, ಮೈಕ್ 1 ಮೀಟರ್ ದೂರ ಇದ್ದರೆ ನೆಲದ ಪ್ರತಿಧ್ವನಿ 6 ಮಿಲಿಸೆಕೆಂಡ್ ಬಿಟ್ಟು ಬರುತ್ತದೆ, ಅಷ್ಟರೊಳಗಿನದನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ನಿಮ್ಮ ಕೋಣೆಯದು ಫರ್ಶಿ ನೆಲ, ಬರಿ ಗೋಡೆ. ಗೋಳಗುಮ್ಮಟದ ಊರಿನವರಿಗೆ ಪ್ರತಿಧ್ವನಿಯ ಬಗ್ಗೆ ಹೇಳಬೇಕಿಲ್ಲ. ಸ್ಪೀಕರ್ ಮುಂದೆ ಜಮಖಾನೆ ಹಾಸಿ, ನೀವು ಕೂರುವ ಹಿಂದಿನ ಗೋಡೆಗೆ ದಪ್ಪ ಕೌದಿಯೊಂದನ್ನು ಎರಡು ಇಂಚು ಸಂದಿ ಬಿಟ್ಟು ತೂಗುಹಾಕಿ. ಇದನ್ನು ಮಾಡಿದ ಮೇಲೆ 2.2 ಓಮ್ ಬದಲು 1.5 ಸಾಕೆನಿಸಬಹುದು, ಕೇಳಿ ನಿರ್ಧರಿಸಿ.

ಕೆಪಾಸಿಟರ್ ವಿಷಯಕ್ಕೆ ಬಂದರೆ, ಟ್ವೀಟರ್‌ಗೆ ಸಾಲಾಗಿರುವ 5.6 ಒಂದನ್ನೇ ಪಾಲಿಪ್ರೊಪಿಲೀನ್ ಮಾಡಿ, ಉಳಿದದ್ದಕ್ಕೆ ದುಡ್ಡು ಹಾಕಬೇಡಿ. ಮೊದಲ ಪೆಟ್ಟಿಗೆ ಒಂದು ವಾರ ಕೇಳಿಯೂ ಸಮಾಧಾನ ತಂದರೆ ಎರಡನೆಯದನ್ನು ಬಿಚ್ಚಿ. ಎರಡೂ ಕಾಯಿಲ್‌ಗಳ ನಡುವೆ 0.05 ಮಿಲಿಹೆನ್ರಿಗಿಂತ ಹೆಚ್ಚು ವ್ಯತ್ಯಾಸ ಬರದಂತೆ ನೋಡಿಕೊಳ್ಳಿ, ಇಲ್ಲವಾದರೆ ಹಾಡುವವರು ನಡುವೆ ನಿಲ್ಲದೆ ಒಂದು ಪಕ್ಕಕ್ಕೆ ಸರಿಯುತ್ತಾರೆ.